ಆರ್‌ವಿ ತಗೊಂಡು ಹೊರಟಿದ್ದೀರಾ? ಪಂಪ್‌ಗೆ ಡೆಬಿಟ್ ಕಾರ್ಡ್ ಹಾಕಬೇಡಿ

ಅಮೆರಿಕಕ್ಕೆ ಬಂದು ಒಂದೆರಡು ವರ್ಷ ಆಗಿರುವ ನಮ್ಮವರು ದಯವಿಟ್ಟು ಇದನ್ನು ಪೂರ್ತಿ ಓದಿ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಆರ್‌ವಿ (ಒಳಗೇ ಮಲಗುವ, ಅಡುಗೆ ಮಾಡುವ ಜಾಗ ಇರುವ ಮನೆಯಂಥ ಗಾಡಿ) ಬಾಡಿಗೆಗೆ ತಗೊಂಡು ನಾಲ್ಕು ಊರು ತೋರಿಸೋಣ ಅಂತ ಯೋಚನೆ ಇದ್ದರಂತೂ ಖಂಡಿತ ಓದಿ. ಮೇ ಕೊನೆಯ ವಾರ ಯೂಟಾ ರಾಜ್ಯದ ಗ್ರೀನ್ ರಿವರ್ ಅನ್ನೋ ಪುಟ್ಟ ಊರಲ್ಲಿ ನಾವು ಪಟ್ಟ ಪಾಡು ಇದು. ಖಾತೆಯಲ್ಲಿ ದುಡ್ಡಿತ್ತು, ಕೈಯಲ್ಲಿ ಕಾರ್ಡ್ ಇತ್ತು. ಆದರೂ ಒಂದು ಹನಿ ಗ್ಯಾಸ್ (ಇಲ್ಲಿ ಪೆಟ್ರೋಲಿಗೆ ಹಾಗನ್ನುತ್ತಾರೆ) ಸಿಗದೆ ಒಂದು ಗಂಟೆ ಬಿಸಿಲಲ್ಲಿ ನಿಂತಿದ್ದೆವು.

ಮೇ ಕೊನೆಯ ಸೋಮವಾರ ಬರುವ ಮೆಮೋರಿಯಲ್ ಡೇ ರಜೆಗೆ ಲಾಸ್ ವೇಗಸ್‌ನಲ್ಲಿ ಆರ್‌ವಿ ತಗೊಂಡಿದ್ದೆವು. ಝಯಾನ್, ಬ್ರೈಸ್, ಆರ್ಚಸ್ ನ್ಯಾಷನಲ್ ಪಾರ್ಕ್‌ಗಳನ್ನು ನೋಡಿಕೊಂಡು ವಾಪಸ್ ಬರುವ ಪ್ಲಾನ್. ನಾನು, ನನ್ನ ಹೆಂಡತಿ, ಐದು ವರ್ಷದ ಮಗಳು, ಅರಸೀಕೆರೆಯಿಂದ ಬಂದಿದ್ದ ಅಪ್ಪ ಅಮ್ಮ. ಗಾಡಿ 30 ಅಡಿ ಉದ್ದ, ಫೋರ್ಡ್ ಇ-450 ಅನ್ನೋ ದೊಡ್ಡ ವ್ಯಾನಿನ ಚಾಸಿ ಮೇಲೆ ಕಟ್ಟಿದ್ದು. ಅದರ ಟ್ಯಾಂಕ್ 55 ಗ್ಯಾಲನ್. ಅಂದರೆ ಸುಮಾರು 208 ಲೀಟರ್. ನಮ್ಮೂರಿನ ಸ್ವಿಫ್ಟ್ ಕಾರಿಗೆ ಹಿಡಿಯುವುದು 37 ಲೀಟರ್, ಅಲ್ವಾ? ಐದು ಸ್ವಿಫ್ಟ್ ತುಂಬಿಸಿದರೂ ಇದರ ಹೊಟ್ಟೆ ತುಂಬಲ್ಲ. ಮೈಲೇಜ್ ಗ್ಯಾಲನ್‌ಗೆ ಎಂಟರಿಂದ ಹತ್ತು ಮೈಲಿ. ಲೀಟರಿಗೆ ನಾಲ್ಕು ಕಿಲೋಮೀಟರ್ ಬಂದರೆ ಪುಣ್ಯ.

ಬಂದು ಎರಡೇ ವರ್ಷ ಆಗಿದ್ದರಿಂದ ನನ್ನ ಹತ್ತಿರ ಇದ್ದದ್ದು ಒಂದೇ ಕ್ರೆಡಿಟ್ ಕಾರ್ಡ್. ಅದರ ಮಿತಿ 3,500 ಡಾಲರ್. ಹೆಂಡತಿ ಎಚ್-4ನಲ್ಲಿ (ಕೆಲಸದ ವೀಸಾದವರ ಹೆಂಡತಿ ಮಕ್ಕಳಿಗೆ ಕೊಡುವ ವೀಸಾ) ಇರೋದರಿಂದ ಅವಳ ಹೆಸರಲ್ಲಿ ಕಾರ್ಡ್ ಮಾಡಿಸಿರಲಿಲ್ಲ. ಆರ್‌ವಿ ಬಾಡಿಗೆ, ಅದರ 1,000 ಡಾಲರ್ ಡಿಪಾಸಿಟ್, ಮೊದಲ ಎರಡು ಸಲದ ಗ್ಯಾಸ್, ಎಲ್ಲ ಅದೇ ಕಾರ್ಡ್ ಮೇಲೆ. ಆರ್ಚಸ್ ಪಕ್ಕದ ಮೋಆಬ್ ಊರು ತಲುಪುವಷ್ಟರಲ್ಲಿ ಅದರಲ್ಲಿ 40 ಡಾಲರ್ ಉಳಿದಿತ್ತು. ಇನ್ನು ಗ್ಯಾಸ್‌ಗೆಲ್ಲ ಡೆಬಿಟ್ ಕಾರ್ಡ್ ಅಂದುಕೊಂಡೆ. ಖಾತೆಯಲ್ಲಿ 480 ಡಾಲರ್ ಇತ್ತು. ಎರಡು ಸಲ ತುಂಬಿಸಿದರೂ ಮಿಗುತ್ತೆ ಅನ್ನೋದು ನನ್ನ ಲೆಕ್ಕ.

ಮೋಆಬ್‌ನಲ್ಲಿ ಗ್ಯಾಸ್‌ಗೆ ಉದ್ದದ ಸಾಲಿತ್ತು. ಮುಂದೆ ಗ್ರೀನ್ ರಿವರ್‌ನಲ್ಲಿ ಹಾಕಿಸೋಣ, 50 ಮೈಲಿ ತಾನೆ ಅಂತ ಹೊರಟೆ. ಗ್ರೀನ್ ರಿವರ್ ಎಂಥ ಜಾಗ ಅನ್ನೋದನ್ನು ಇಲ್ಲಿ ಹೇಳಲೇಬೇಕು. ಅಲ್ಲಿಂದ ಪಶ್ಚಿಮಕ್ಕೆ ಐ-70 ಹೆದ್ದಾರಿ ಹಿಡಿದರೆ ಸಲೈನಾ ಅನ್ನೋ ಊರು ಸಿಗುವವರೆಗೂ 100 ಮೈಲಿಗಿಂತ ಜಾಸ್ತಿ ದೂರ ಒಂದು ಗ್ಯಾಸ್ ಸ್ಟೇಷನ್ ಇಲ್ಲ, ಒಂದು ಅಂಗಡಿ ಇಲ್ಲ. ಮುಂದೆ ಏನೂ ಸಿಗಲ್ಲ ಅಂತ ರಸ್ತೆ ಪಕ್ಕ ಬೋರ್ಡೇ ಹಾಕಿದ್ದಾರೆ. ಕೆಂಪು ಬಂಡೆ, ಏರು, ಇಳಿಜಾರು, ಮತ್ತೆ ಏರು. ಅಷ್ಟೇ.

ಗ್ರೀನ್ ರಿವರ್‌ಗೆ ಬಂದಾಗ ಮುಳ್ಳು ಕಾಲು ಟ್ಯಾಂಕಿಗೆ ಬಂದಿತ್ತು. ಹಿಂದುಗಡೆ ಎಸಿ ನಿಂತುಹೋಗಿತ್ತು. ಬಾಡಿಗೆ ಆರ್‌ವಿಗಳಲ್ಲಿ ಹಿಂದಿನ ಎಸಿ ಜನರೇಟರ್ ಮೇಲೆ ಓಡುತ್ತೆ. ಟ್ಯಾಂಕ್ ಸುಮಾರು ಕಾಲು ಭಾಗಕ್ಕೆ ಇಳಿದ ಕೂಡಲೆ ಜನರೇಟರ್‌ಗೆ ಗ್ಯಾಸ್ ಹೋಗದ ಹಾಗೆ ಮಾಡಿರುತ್ತಾರೆ, ದಾರಿ ಮಧ್ಯೆ ಗಾಡಿ ನಿಲ್ಲಬಾರದು ಅಂತ. ಒಳ್ಳೆಯ ವ್ಯವಸ್ಥೆಯೇ. ಆದರೆ ಅಮ್ಮ ಹಿಂದಿನ ಸೀಟಲ್ಲಿ ಸೆರಗಿನಿಂದ ಮಗಳಿಗೆ ಗಾಳಿ ಹಾಕುತ್ತಾ ಕೂತಿದ್ದರು.

ಪಂಪ್‌ಗೆ ಕಾರ್ಡ್ ಹಾಕಿದೆ. ಡೆಬಿಟ್ಟೋ ಕ್ರೆಡಿಟ್ಟೋ ಅಂತ ಕೇಳಿತು. ಪಂಪ್‌ನಲ್ಲಿ ಪಿನ್ ಒತ್ತಬಾರದು, ಕಳ್ಳರು ಕಾರ್ಡಿನ ವಿವರ ಕದಿಯುವ ಮೆಷಿನ್ ಸಿಕ್ಕಿಸಿರುತ್ತಾರೆ ಅಂತ ಕೇಳಿದ್ದೆ. ಹಾಗಾಗಿ ಡೆಬಿಟ್ ಕಾರ್ಡನ್ನೇ ಕ್ರೆಡಿಟ್ ಅಂತ ಒತ್ತಿದೆ. ಆಗ ಜಿಪ್ ಕೋಡ್ (ನಮ್ಮೂರ ಪಿನ್‌ಕೋಡ್ ಇದ್ದ ಹಾಗೆ) ಕೇಳಿತು. ಮನೆಯ ಜಿಪ್ ಕೋಡ್ ಹಾಕಿದೆ. ಒಂದು ನಿಮಿಷ ಯೋಚಿಸಿ, ಒಳಗೆ ಕ್ಯಾಷಿಯರ್‌ನ ನೋಡಿ ಅಂತ ಪರದೆ ಮೇಲೆ ಬಂತು. ನಾನೇ ತಪ್ಪಾಗಿ ಒತ್ತಿರಬೇಕು ಅಂತ ಇನ್ನೊಂದು ಸಲ ಹಾಕಿದೆ. ಅದೇ ಉತ್ತರ. ಪಂಪ್ ಕೆಟ್ಟಿದೆ ಅಂದುಕೊಂಡು, ಹಿಂದೆ ನಿಂತಿದ್ದವರಿಗೆಲ್ಲ ಕೈ ಮುಗಿದು, 30 ಅಡಿ ಗಾಡಿಯನ್ನು ಹಿಂದೆ ಮುಂದೆ ಮಾಡಿ ಇನ್ನೊಂದು ಪಂಪ್‌ಗೆ ತಂದೆ. ಅಲ್ಲಿ ಕಾರ್ಡ್ ಒಪ್ಪಲೇ ಇಲ್ಲ.

ಅಷ್ಟರಲ್ಲಿ ಫೋನ್‌ಗೆ ಬ್ಯಾಂಕಿನಿಂದ ಮೆಸೇಜ್. ಅನುಮಾನ ಬರುವ ವ್ಯವಹಾರ, ಕಾರ್ಡ್ ತಡೆಹಿಡಿದಿದ್ದೇವೆ ಅಂತ. ಆ್ಯಪ್ ತೆಗೆದು ನೋಡಿದೆ. 175 ಡಾಲರ್ ಒಂದು ಸಾಲು. ಅದರ ಕೆಳಗೆ 175 ಡಾಲರ್ ಇನ್ನೊಂದು ಸಾಲು. ಖಾತೆಯಲ್ಲಿ ಬಳಸಬಹುದಾದ ಹಣ 130 ಡಾಲರ್. ಟ್ಯಾಂಕಿಗೆ ಬಿದ್ದದ್ದು ಸೊನ್ನೆ.

ಏನಾಗಿತ್ತು ಅಂತ ಆಮೇಲೆ ಗೊತ್ತಾಯಿತು. ನಾವು ಏಪ್ರಿಲ್‌ನಲ್ಲಿ ಸಾಂಟಾ ಕ್ಲಾರಾದಿಂದ ಫ್ರೀಮಾಂಟ್‌ಗೆ ಮನೆ ಬದಲಾಯಿಸಿದ್ದೆವು. ಕ್ರೆಡಿಟ್ ಕಾರ್ಡಿಗೆ ಹೊಸ ವಿಳಾಸ ಕೊಟ್ಟಿದ್ದೆ. ಡೆಬಿಟ್ ಕಾರ್ಡಿನ ಬ್ಯಾಂಕಿಗೆ ಕೊಟ್ಟಿರಲಿಲ್ಲ. ಜಿಪ್ ಕೋಡ್ ಹೊಂದಲಿಲ್ಲ ಅಂತ ಪಂಪ್ ಗ್ಯಾಸ್ ಬಿಡಲಿಲ್ಲ. ಆದರೆ ಅಷ್ಟು ಹೊತ್ತಿಗಾಗಲೇ ಬ್ಯಾಂಕು ದುಡ್ಡನ್ನು ಹಿಡಿದಿಟ್ಟಾಗಿತ್ತು. ಇದಕ್ಕೆ ಇಲ್ಲಿ ಹೋಲ್ಡ್ ಅನ್ನುತ್ತಾರೆ. ನೀವು ಎಷ್ಟು ಹಾಕಿಸುತ್ತೀರಿ ಅಂತ ಪಂಪ್‌ಗೆ ಮೊದಲೇ ಗೊತ್ತಿರಲ್ಲ. ಹಾಗಾಗಿ ಒಂದು ಮೊತ್ತವನ್ನು ಮೊದಲೇ ಬ್ಯಾಂಕಿನಲ್ಲಿ ಕಟ್ಟಿಹಾಕಿಸುತ್ತೆ. ನಮ್ಮೂರ ಬಂಕ್‌ನಲ್ಲಿ ಹುಡುಗ ಬಂದು "ಜೀರೋ ನೋಡ್ಕೊಳ್ಳಿ ಸಾರ್" ಅಂದು ಹಾಕಿ, ಆಮೇಲೆ ದುಡ್ಡು ಕೇಳುತ್ತಾನೆ. ಇಲ್ಲಿ ಉಲ್ಟಾ. ಮೊದಲು ದುಡ್ಡು, ಆಮೇಲೆ ಗ್ಯಾಸ್. ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳು ಈ ಹೋಲ್ಡ್‌ನ ಮೇಲ್ಮಿತಿಯನ್ನು 2022ರಲ್ಲಿ 125 ಡಾಲರ್‌ನಿಂದ 175ಕ್ಕೆ ಏರಿಸಿದವು. ಎಲ್ಲ ಸ್ಟೇಷನ್‌ಗಳೂ ಅಷ್ಟೇ ಹಿಡಿಯುತ್ತವೆ ಅಂತಲ್ಲ. ಕೆಲವು ಕಡೆ ಒಂದೇ ಡಾಲರ್ ಹಿಡಿಯುತ್ತಾರೆ. ನಮಗೆ ಸಿಕ್ಕಿದ್ದು 175.

ಕ್ರೆಡಿಟ್ ಕಾರ್ಡ್ ಆದರೆ ಹಿಡಿದದ್ದು ಬ್ಯಾಂಕಿನ ದುಡ್ಡು, ಸ್ವಲ್ಪ ದಿನ ಮಿತಿ ಕಡಿಮೆ ಆಗುತ್ತೆ ಅಷ್ಟೆ. ಡೆಬಿಟ್ ಆದರೆ ಹಿಡಿದದ್ದು ನಿಮ್ಮ ಸ್ವಂತ ದುಡ್ಡು. ಅಕ್ಕಿ ತರುವ ದುಡ್ಡು, ಬಾಡಿಗೆ ಕಟ್ಟುವ ದುಡ್ಡು.

ಒಳಗೆ ಹೋದೆ. ಕ್ಯಾಷಿಯರ್ ಹೆಂಗಸು ನಿಧಾನವಾಗಿ ಬಿಡಿಸಿ ಹೇಳಿದರು. ಆ ದುಡ್ಡು ತಮ್ಮ ಹತ್ತಿರ ಬಂದೇ ಇಲ್ಲ, ನಿಮ್ಮ ಬ್ಯಾಂಕಿನಲ್ಲೇ ಇದೆ, ತಾನು ಬಿಡಿಸೋಕೆ ಆಗಲ್ಲ ಅಂದರು. ರಜೆ ದಿನಗಳಲ್ಲಿ ಆರ್‌ವಿಯವರು ಹೀಗೇ ಬಂದು ಕೇಳುತ್ತಾರಂತೆ. ಬ್ಯಾಂಕಿಗೆ ಫೋನ್ ಮಾಡಿದೆ. ಸಂಗೀತ ಕೇಳಿಸುತ್ತಲೇ ಇತ್ತು. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಕೊನೆಗೆ ಒಬ್ಬರು ಸಿಕ್ಕಿದರು. ಕಾರ್ಡ್ ತೆರೆಯಬಹುದು, ಆದರೆ ಹೋಲ್ಡ್ ತಾನಾಗಿಯೇ ಬಿಡಬೇಕು, ನಾಳೆ ಬೇರೆ ರಜೆ, ಒಂದೆರಡು ದಿನ ಹಿಡಿಯಬಹುದು ಅಂದರು.

ಹೊರಗೆ ಬಂದು ಗಾಡಿಗೆ ಒರಗಿ ನಿಂತೆ. ಟ್ಯಾಂಕಿನಲ್ಲಿ ಇದ್ದದ್ದು 14 ಗ್ಯಾಲನ್. ಲೆಕ್ಕ ಹಾಕಿದರೆ 110 ಮೈಲಿ. ಕಾಗದದ ಮೇಲೆ ಸಲೈನಾ ಮುಟ್ಟಬಹುದು. ಆದರೆ ಆ ಏರು, ಆ ಎದುರುಗಾಳಿ, ಐದು ಜನರ ಭಾರ. ಒಂದು ಕ್ಷಣ, ಹೋಗಿಬಿಡೋಣವಾ ಅಂತ ನನಗೆ ಅನಿಸಿದ್ದು ನಿಜ. ಇವತ್ತು ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಅಪ್ಪ ಇಳಿದು ಬಂದರು. "ಏನೋ ಆಯ್ತು? ಕಾರ್ಡ್ ಆಗ್ತಿಲ್ವಾ?"

"ಏನಿಲ್ಲ ಅಪ್ಪ, ಬಿಸಿಲಿದೆ, ನೀವು ಒಳಗೆ ಕೂತ್ಕೊಳ್ಳಿ."

ಅವರು ಕೂರಲಿಲ್ಲ. ಅಂಗಿಯ ಎರಡು ಗುಂಡಿ ಬಿಚ್ಚಿದರು. ಬನಿಯನ್‌ನ ಒಳಗೆ ಎದೆಯ ಹತ್ತಿರ ಅಮ್ಮ ಹೊಲಿದುಕೊಟ್ಟಿದ್ದ ಒಂದು ಸಣ್ಣ ಜೇಬು, ಬಾಯಿಗೆ ಪಿನ್ನು ಚುಚ್ಚಿತ್ತು. ಪಿನ್ನು ತೆಗೆದು, ನಾಲ್ಕಾಗಿ ಮಡಿಚಿದ ಪ್ಲಾಸ್ಟಿಕ್ ಕವರಿನಿಂದ 100 ಡಾಲರಿನ ಮೂರು ನೋಟು ಹೊರಗೆ ತೆಗೆದರು. ಹೊರಡುವ ಮುಂಚೆ ಹಾಸನದಲ್ಲಿ ಬದಲಾಯಿಸಿಕೊಂಡಿದ್ದಂತೆ. ನೋಟು ಬೆವರಿಗೆ ಬೆಚ್ಚಗಾಗಿತ್ತು. "ನಿನ್ನ ಹತ್ರ ಇರುತ್ತೆ ಅಂತ ಗೊತ್ತು, ಆದ್ರೂ ಇರ್ಲಿ ಅಂತ ತಂದೆ" ಅಂದರು.

ಎರಡು ನೋಟು ಕ್ಯಾಷಿಯರ್‌ಗೆ ಕೊಟ್ಟು ಪಂಪ್ ನಂಬರ್ ಹೇಳಿದೆ. 41 ಗ್ಯಾಲನ್ ಹಿಡಿಯಿತು. 157 ಡಾಲರ್ ಚಿಲ್ಲರೆ. ಮಿಕ್ಕ 42 ಡಾಲರನ್ನು ಅಲ್ಲೇ ಕೈಗೆ ಎಣಿಸಿ ಕೊಟ್ಟರು. ಜನರೇಟರ್ ಹತ್ತಿತು. ಮಗಳು ನಿದ್ದೆ ಹೋದಳು.

ಅಲ್ಲಿಗೇ ಮುಗಿಯಲಿಲ್ಲ. ಆ ಎರಡು ಹೋಲ್ಡ್ ಬಿಟ್ಟದ್ದು ಬುಧವಾರ. ಮಂಗಳವಾರ ಕರೆಂಟ್ ಬಿಲ್ ತಾನಾಗಿ ಕಟ್ ಆಗಬೇಕಿತ್ತು. ಖಾತೆಯಲ್ಲಿ ಸಾಲದೆ ಅದು ವಾಪಸ್ ಹೋಗಿ ದಂಡ ಬಿತ್ತು. ಲಾಸ್ ವೇಗಸ್‌ನಲ್ಲಿ ಗಾಡಿಯನ್ನು ಫುಲ್ ಟ್ಯಾಂಕ್ ಮಾಡಿ ವಾಪಸ್ ಕೊಡಬೇಕಿತ್ತು. ಅದಕ್ಕೆ ಅಪ್ಪನ ಮೂರನೇ ನೋಟು ಹೋಯಿತು.

ಈಗ ಹೊರಡುವವರಿಗೆ ಹೇಳಬೇಕಾದ್ದು. ಡೆಬಿಟ್ ಕಾರ್ಡನ್ನು ಪಂಪ್‌ನಲ್ಲಿ ಬಳಸಲೇಬೇಡಿ. ಕಾರಿನಲ್ಲಿ ಹೋಗುವಾಗ ಹೇಗೋ ನಡೆದುಹೋಗುತ್ತೆ, 40 ಡಾಲರ್‌ಗೆ ಟ್ಯಾಂಕ್ ತುಂಬುತ್ತೆ. ಆರ್‌ವಿಗೆ ಹಾಗಲ್ಲ. ಎಷ್ಟೋ ಪಂಪ್‌ಗಳು 100 ಅಥವಾ 125 ಡಾಲರ್ ಆದ ಕೂಡಲೆ ತಾವಾಗಿಯೇ ನಿಂತುಬಿಡುತ್ತವೆ. ಟ್ಯಾಂಕ್ ಇನ್ನೂ ತುಂಬಿರಲ್ಲ. ಮತ್ತೆ ಕಾರ್ಡ್ ಹಾಕಬೇಕು. ಮತ್ತೆ ಇನ್ನೊಂದು ಹೋಲ್ಡ್. ಒಂದೇ ಜಾಗದಲ್ಲಿ ಮೇಲಿಂದ ಮೇಲೆ ಕಾರ್ಡ್ ಹಾಕಿದರೆ ಯಾರೋ ಕದ್ದ ಕಾರ್ಡ್ ಬಳಸುತ್ತಿದ್ದಾರೆ ಅಂತ ಬ್ಯಾಂಕಿಗೆ ಅನುಮಾನ ಬರುತ್ತೆ, ಕಾರ್ಡ್ ಮುಚ್ಚುತ್ತಾರೆ. ನನ್ನ ಜಿಪ್ ಕೋಡ್ ಸರಿಯಾಗಿದ್ದರೂ ಆವತ್ತು ಎರಡು ಹೋಲ್ಡ್ ಬೀಳುವ ಸಾಧ್ಯತೆ ಇದ್ದೇ ಇತ್ತು. ಇದನ್ನು ಬಾಡಿಗೆ ಕೊಡುವವರು ಯಾರೂ ಹೇಳಲ್ಲ. ಶೌಚದ ಟ್ಯಾಂಕ್ ಖಾಲಿ ಮಾಡೋದು ಹೇಗೆ ಅಂತ ಅರ್ಧ ಗಂಟೆ ವಿಡಿಯೋ ತೋರಿಸುತ್ತಾರೆ, ಇದರ ಬಗ್ಗೆ ಒಂದು ಮಾತಿಲ್ಲ. ನನಗೆ ಅದು ಬೇಜಾರು.

ಡೆಬಿಟ್ ಬಿಟ್ಟು ಬೇರೆ ಗತಿ ಇಲ್ಲ ಅಂದರೆ ಒಳಗೆ ಹೋಗಿ. ಪಂಪ್ ನಂಬರ್ ಹೇಳಿ, ಇಷ್ಟು ಡಾಲರ್‌ಗೆ ಅಂತ ಮೊದಲೇ ಕಟ್ಟಿ. ಒಂದು ಸೂಕ್ಷ್ಮ ಇದೆ. ಹಿಡಿಯುವುದಕ್ಕಿಂತ ಕಡಿಮೆಯೇ ಹೇಳಿ. 150 ಹಿಡಿಯುವ ಟ್ಯಾಂಕಿಗೆ 120 ಹೇಳಿದರೆ ಅಷ್ಟೂ ಬೀಳುತ್ತೆ, ಲೆಕ್ಕ ಅಲ್ಲಿಗೇ ಚುಕ್ತಾ. ಸುಮ್ನೆ ಜಾಸ್ತಿ ಕಟ್ಟಿದರೆ ಮಿಕ್ಕದ್ದು ಕಾರ್ಡಿಗೆ ವಾಪಸ್ ಬರಲು ಮತ್ತೆ ದಿನಗಟ್ಟಲೆ ಕಾಯಬೇಕು. ನಗದು ಆದರೆ ಆ ತಾಪತ್ರಯ ಇಲ್ಲ. ಕೆಲವು ಕಡೆ ನಗದಿಗೆ ದರವೂ ಕಡಿಮೆ ಇರುತ್ತೆ, ಬೋರ್ಡಿನಲ್ಲಿ ಎರಡು ದರ ಹಾಕಿರುತ್ತಾರೆ, ನೋಡಿ.

ಕಳ್ಳ ಮೆಷಿನ್ ವಿಷಯ ನಾನು ಕೇಳಿದ್ದು ಸುಳ್ಳಲ್ಲ. ಕಾರ್ಡ್ ತೂರಿಸುವ ಜಾಗ ಅಲ್ಲಾಡುತ್ತಿದ್ದರೆ, ಪಂಪ್ ಬಾಗಿಲಿಗೆ ಅಂಟಿಸಿದ ಸೀಲ್ ಹರಿದಿದ್ದರೆ ಅದನ್ನು ಮುಟ್ಟಬೇಡಿ. ಇಲ್ಲಿ ಕಾನೂನೂ ಕ್ರೆಡಿಟ್ ಕಾರ್ಡ್ ಕಡೆಗಿದೆ. ಕದ್ದು ಬಳಸಿದರೆ ಕ್ರೆಡಿಟ್ ಕಾರ್ಡಿನಲ್ಲಿ ನಿಮ್ಮ ತಲೆಗೆ ಬರೋದು ಹೆಚ್ಚೆಂದರೆ 50 ಡಾಲರ್. ಡೆಬಿಟ್ ಕಾರ್ಡ್ ಕಳೆದದ್ದು ಗೊತ್ತಾಗಿ ಎರಡು ಕೆಲಸದ ದಿನದೊಳಗೆ ತಿಳಿಸದಿದ್ದರೆ 500 ಡಾಲರ್‌ವರೆಗೂ ಬರಬಹುದು.

ಅಪ್ಪ ಅಮ್ಮನ ಹತ್ತಿರ ಇರುವ ನಮ್ಮ ದೇಶದ ಕಾರ್ಡನ್ನು ನಂಬಿಕೊಂಡು ಹೊರಡಬೇಡಿ. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ವಿದೇಶದ ಬಳಕೆಯನ್ನು ನಾವೇ ಕೇಳಿ ಶುರು ಮಾಡಿಸಬೇಕು. ಅದು ಆಗಿದ್ದರೂ ಪಂಪ್ ಇಲ್ಲಿನ ಜಿಪ್ ಕೋಡ್ ಕೇಳುತ್ತೆ. ಅರಸೀಕೆರೆಯ ಆರಂಕಿ ಪಿನ್‌ಕೋಡ್ ಅಲ್ಲಿ ಹಿಡಿಯಲ್ಲ. ಆ ಕಾರ್ಡ್ ಇದ್ದರೂ ಒಳಗೇ ಹೋಗಬೇಕು.

ಇನ್ನೊಂದು ಮಾತು. ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಜಾಗ ಜಾಸ್ತಿ ಇದೆ ಅಂತ ಲಾರಿಗಳ ಸಾಲಿಗೆ ಹೋಗಬೇಡಿ. ಅಲ್ಲಿರೋದು ಡೀಸೆಲ್. ಬಾಡಿಗೆಗೆ ಸಿಗುವ ಇಂಥ ಆರ್‌ವಿಗಳಲ್ಲಿ ಹೆಚ್ಚಿನವು ಪೆಟ್ರೋಲಿನವು. ಕೆಲವು ಕಡೆ ಆರ್‌ವಿಗೆ ಅಂತಲೇ ಬೇರೆ ಸಾಲು ಇರುತ್ತೆ. ಹಿಡಿಕೆಯ ಬಣ್ಣ ನೋಡಿ ತೀರ್ಮಾನ ಮಾಡದೆ ಮೇಲೆ ಬರೆದಿರೋದನ್ನು ಓದಿ.

ನಾನು ಫ್ರೀಮಾಂಟ್‌ಗೆ ವಾಪಸ್ ಬಂದ ದಿನವೇ ಬ್ಯಾಂಕಿನಲ್ಲಿ ವಿಳಾಸ ಬದಲಾಯಿಸಿದೆ. ಕ್ರೆಡಿಟ್ ಕಾರ್ಡಿನವರಿಗೆ ಫೋನ್ ಮಾಡಿ ಮಿತಿ ಏರಿಸಿ ಅಂತ ಕೇಳಿದೆ. ಎರಡು ವರ್ಷ ಸರಿಯಾಗಿ ಕಟ್ಟಿದ್ದೀರಿ ಅಂತ ಹತ್ತೇ ನಿಮಿಷದಲ್ಲಿ ಏರಿಸಿದರು. ಹೊರಡುವ ಮುಂಚೆ ಮಾಡಬೇಕಿದ್ದ ಕೆಲಸ. ಜುಲೈ 4ರ ರಜೆಗೆ ಗಾಡಿ ಬುಕ್ ಮಾಡಿರುವವರು ಈ ಎರಡು ಫೋನ್ ಇವತ್ತೇ ಮಾಡಿ. ಅರ್ಧ ಟ್ಯಾಂಕ್ ಆದ ಕೂಡಲೆ ಮುಂದಿನ ಊರಲ್ಲೇ ತುಂಬಿಸಿ. ಕೈಯಲ್ಲಿ 200 ಡಾಲರ್ ನಗದು ಇಟ್ಟುಕೊಳ್ಳಿ.

ಅಪ್ಪನ 300 ಡಾಲರನ್ನು ಸಂಬಳ ಬಂದ ದಿನ ಕೊಡಲು ಹೋದೆ. ಬೇಡ ಅಂದರು. ಒತ್ತಾಯ ಮಾಡಿದಾಗ ತಗೊಂಡು, ಅದೇ ಪ್ಲಾಸ್ಟಿಕ್ ಕವರಿಗೆ ಹಾಕಿ, ನಾಲ್ಕಾಗಿ ಮಡಿಚಿ, ಮತ್ತೆ ಅದೇ ಜೇಬಿನಲ್ಲಿ ಇಟ್ಟು ಪಿನ್ನು ಚುಚ್ಚಿಕೊಂಡರು.