ಚಿಯಾಂಗ್ ಮಾಯ್‌ನಲ್ಲಿ ತಿಂಗಳ ಬಾಡಿಗೆ ರೂಮ್: ಸಂತಿತಾಮ್ ಕಡೆ ಒಮ್ಮೆ ನೋಡಿ

ಲ್ಯಾಪ್‌ಟಾಪ್ ಹಿಡಿದು ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ಗೆ ಬರುವವರಲ್ಲಿ ಜಾಸ್ತಿ ಜನ ಕಾಫಿ ಅಂಗಡಿಗಳಿಗೆ ಹೆಸರಾದ ನಿಮ್ಮಾನ್ ಬಡಾವಣೆಯಲ್ಲೇ ಮನೆ ಹುಡುಕುತ್ತಾರೆ. ನಾನು ಪಕ್ಕದ ಸಂತಿತಾಮ್‌ನಲ್ಲಿ ಒಂದು ಹಳೇ ಅಪಾರ್ಟ್‌ಮೆಂಟ್ ಹಿಡಿದೆ. ತುಂಬಾ ಇಷ್ಟವಾಯಿತು. ಬಾಡಿಗೆ ಕಡಿಮೆ, ಬೀದಿ ತುಂಬ ಊಟದ ಗಾಡಿಗಳು, ಕಾಫಿ ಕುಡಿಯಬೇಕು ಅನಿಸಿದರೆ ನಿಮ್ಮಾನ್‌ಗೆ ನಡೆದೇ ಹೋಗಬಹುದು.

ಇಂಟರ್ನೆಟ್ ಗಟ್ಟಿ. ವಿಡಿಯೋ ಕಾಲ್ ಒಮ್ಮೆಯೂ ಕೈಕೊಡಲಿಲ್ಲ. ಆದರೆ ಅಡುಗೆಮನೆ ಇಲ್ಲ! ಇಲ್ಲಿನ ಎಷ್ಟೋ ರೂಮ್‌ಗಳಲ್ಲಿ ಫ್ರಿಜ್ ಬಿಟ್ಟರೆ ಬೇರೇನೂ ಇರುವುದಿಲ್ಲ, ದಿನಾ ಅನ್ನ ಸಾರು ಬೇಕು ಅನ್ನುವವರು ಮೊದಲೇ ಕೇಳಿಕೊಳ್ಳಿ. ಸಸ್ಯಾಹಾರಿಗಳು ಹಳದಿ ಬಣ್ಣದ 'ಜೇ' ಬೋರ್ಡ್ ಇರುವ ಅಂಗಡಿ ಹುಡುಕಿ, ಅಲ್ಲಿ ಮೀನಿನ ಸಾಸ್ ಕೂಡ ಹಾಕುವುದಿಲ್ಲ.

ಬೇಜಾರಾಗಿದ್ದು ಕರೆಂಟ್ ಬಿಲ್ ನೋಡಿ. ಮಾಲೀಕರು ಯೂನಿಟ್‌ಗೆ 8 ಬಾತ್ (ಥಾಯ್ ಹಣ) ಹಾಕಿದರು. ಸರ್ಕಾರದ ದರ ಅದರ ಹೆಚ್ಚುಕಮ್ಮಿ ಅರ್ಧ. ಏಸಿ ಇಡೀ ದಿನ ಓಡಿಸುವವರಿಗೆ ಇದು ಸಣ್ಣ ಮಾತಲ್ಲ, ಅಲ್ವಾ? ಯೂನಿಟ್ ದರ ಕೇಳದೆ ಸಹಿ ಹಾಕಬೇಡಿ, ಅಡ್ವಾನ್ಸ್‌ಗೆ ರಸೀದಿ ತಗೊಳ್ಳಿ. ವಿದೇಶಿಯರು ಬಂದ 24 ಗಂಟೆಯೊಳಗೆ ಮಾಲೀಕರು ಇಮಿಗ್ರೇಷನ್‌ಗೆ ಟಿಎಂ 30, ಅಂದರೆ ಅವರು ಎಲ್ಲಿ ಉಳಿದಿದ್ದಾರೆ ಅಂತ ತಿಳಿಸುವ ಫಾರಂ ಕೊಡಬೇಕು. ಅದನ್ನು ಮಾಡದ ಮನೆ ಎಷ್ಟೇ ಚೆನ್ನಾಗಿದ್ದರೂ ಬಿಡಿ, ಆಮೇಲೆ ವೀಸಾ ಕೆಲಸಕ್ಕೆ ಹೋದಾಗ ಅಲೆಯಬೇಕಾಗುತ್ತದೆ.

ಫೆಬ್ರವರಿಯಿಂದ ಏಪ್ರಿಲ್ ತನಕ ಮಾತ್ರ ಬರಬೇಡಿ. ಸುತ್ತಲ ಹೊಲ, ಕಾಡಿಗೆ ಬೆಂಕಿ ಹಚ್ಚುವ ಕಾಲ ಅದು, ಹೊಗೆಗೆ ಗಂಟಲು ಉರಿಯುತ್ತದೆ. ನವೆಂಬರ್, ಡಿಸೆಂಬರ್‌ಗಾದರೆ ಕಣ್ಣುಮುಚ್ಚಿ ಹಿಡಿಯಿರಿ.