ಎನ್ವಿಡಿಯಾನೋ ಎಎಂಡಿನೋ: ಹಳೆ ಕಾರ್ಡಿನ ಕೈ ಬಿಡದವರು ಯಾರು?

ಗ್ರಾಫಿಕ್ಸ್ ಕಾರ್ಡ್, ಅಂದರೆ ಪರದೆಯ ಮೇಲೆ ಚಿತ್ರ ಮೂಡಿಸುವ ಕಾರ್ಡ್, ಮಾಡುವ ಎರಡು ದೊಡ್ಡ ಕಂಪನಿಗಳು ಎನ್ವಿಡಿಯಾ ಮತ್ತು ಎಎಂಡಿ. ಕಾರ್ಡ್ ಹಳತಾದ ಮೇಲೂ ಅದನ್ನು ನಡೆಸುವ ಸಾಫ್ಟ್‌ವೇರನ್ನು, ಅಂದರೆ ಡ್ರೈವರನ್ನು, ಯಾರು ಕೊಡುತ್ತಾರೆ ಎನ್ನುವುದು ಇಲ್ಲಿನ ಮಾತು. ಮೊದಲೇ ಹೇಳಿಬಿಡುತ್ತೇನೆ, ನನ್ನ ಒಲವು ಎಎಂಡಿ ಕಡೆಗೆ. ಅದೂ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮೇಲೆ ಓಡಿಸುವುದಾದರೆ ಮಾತ್ರ. ವಿಂಡೋಸ್ ಬಿಟ್ಟು ಅಲುಗಾಡುವುದಿಲ್ಲ ಅನ್ನುವವರಿಗೆ ಇಲ್ಲಿನ ಅರ್ಧ ಮಾತು ತಿರುವುಮುರುವು ಆಗುತ್ತದೆ.

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳಿಗೆ ಪ್ಯಾಟರ್ನ್ (ಎರಕದ ಅಚ್ಚಿನ ಮಾದರಿ) ಮಾಡಿಕೊಡುವವರಿದ್ದಾರಲ್ಲ, ಅವರಿಗೆ ಪಂಪ್ ಕೇಸಿಂಗ್, ವಾಲ್ವ್ ಬಾಡಿ ಇಂಥವುಗಳ ತ್ರೀಡಿ ಡ್ರಾಯಿಂಗ್ ಹಾಕಿಕೊಡುವುದು ನನ್ನ ಹೊಟ್ಟೆಪಾಡು. ಅದಕ್ಕೆ ಫ್ರೀಕ್ಯಾಡ್ ಎಂಬ ಪುಕ್ಕಟೆ ಡ್ರಾಯಿಂಗ್ ಸಾಫ್ಟ್‌ವೇರ್ ಸಾಕು. ಮಷಿನ್ ಇಂಟೆಲ್ ನಾಲ್ಕನೇ ಜನರೇಷನ್ನಿನ ಐ5 ಪ್ರೊಸೆಸರಿನದು, ಅದರಲ್ಲಿ ಇದ್ದದ್ದು ಎನ್ವಿಡಿಯಾ ಜಿಟಿಎಕ್ಸ್ 750 ಟಿಐ. 60 ವಾಟ್ ಕುಡಿಯುವ, ಬೇರೆ ಪವರ್ ಕೇಬಲ್ ಬೇಡದ ಬಡಪಾಯಿ ಕಾರ್ಡ್. ಎಂದೂ ತಕರಾರು ತೆಗೆದಿಲ್ಲ.

ಆದರೂ ಬದಲಿಸುವ ಯೋಚನೆ ಬಂದದ್ದು 2025ರ ಅಕ್ಟೋಬರ್‌ನಲ್ಲಿ. ಆ ತಿಂಗಳ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಎಂಟನೇ ಜನರೇಷನ್‌ಗಿಂತ ಹಳೆಯ ಇಂಟೆಲ್ ಪ್ರೊಸೆಸರ್‌ಗಳನ್ನು ವಿಂಡೋಸ್ 11, ಕೆಲವನ್ನು ಬಿಟ್ಟರೆ, ಅಧಿಕೃತವಾಗಿ ಒಪ್ಪುವುದಿಲ್ಲ, ಹಾಗಾಗಿ ನನ್ನ ಮಷಿನ್‌ಗೆ ಲಿನಕ್ಸೇ ದಾರಿ. ಎನ್ವಿಡಿಯಾ ತನ್ನ ಮ್ಯಾಕ್ಸ್‌ವೆಲ್ ಮತ್ತು ಪ್ಯಾಸ್ಕಲ್ ಕಾರ್ಡ್‌ಗಳಿಗೆ, ಅಂದರೆ 750 ಟಿಐ, 900 ಮತ್ತು 10 ಸರಣಿಗಳಿಗೆ, ಹೊಸ ಆಟಗಳ ಡ್ರೈವರ್ ಕೊಡುವುದನ್ನು ನಿಲ್ಲಿಸಿದ್ದೂ ಅದೇ ತಿಂಗಳು.

ನ್ಯಾಯವಾಗಿ ಹೇಳಬೇಕೆಂದರೆ ವಿಂಡೋಸ್ ಮೇಲೆ ಎನ್ವಿಡಿಯಾದ ಲೆಕ್ಕ ಚೊಕ್ಕ. 750 ಟಿಐ ಬಂದದ್ದು 2014ರ ಫೆಬ್ರುವರಿಯಲ್ಲಿ. ಹನ್ನೊಂದು ವರ್ಷಕ್ಕೂ ಮಿಕ್ಕಿ ಪೂರ್ತಿ ಡ್ರೈವರ್ ಸಿಕ್ಕಿತು, ಸುರಕ್ಷತೆಯ ಅಪ್‌ಡೇಟ್ 2028ರ ಅಕ್ಟೋಬರ್‌ವರೆಗೂ ಬರುತ್ತದೆ ಎಂದಿದ್ದಾರೆ. ಎಎಂಡಿ ಪಕ್ಕದಲ್ಲಿಟ್ಟು ನೋಡಿ. 2015ರ ಜೂನ್‌ನಲ್ಲಿ ಎರಡೂ ಕಂಪನಿಗಳು ತಮ್ಮ ದುಬಾರಿ ಕಾರ್ಡ್ ಬಿಟ್ಟವು, ಅತ್ತ ಜಿಟಿಎಕ್ಸ್ 980 ಟಿಐ, ಇತ್ತ ಫ್ಯೂರಿ ಎಕ್ಸ್. ಎರಡರ ಬೆಲೆಯೂ 649 ಡಾಲರ್. ಫ್ಯೂರಿಯನ್ನು 2021ರ ಜೂನ್‌ನಲ್ಲೇ ಹಳೆ ಪಟ್ಟಿಗೆ ತಳ್ಳಿದರು, ಬರೀ ಆರು ವರ್ಷ. 980 ಟಿಐ ಹತ್ತು ವರ್ಷ ದಾಟಿತು. ಎಎಂಡಿಯ ಆರ್‌ಎಕ್ಸ್ 400, 500 ಕಾರ್ಡ್‌ಗಳೂ 2023ರ ಕೊನೆಗೆ ಬೇರೆ ಡ್ರೈವರ್ ಸಾಲಿಗೆ ಹೋದವು. 2025ರ ಕೊನೆಗಂತೂ 2020ರಲ್ಲಿ ಬಂದ ಆರ್‌ಎಕ್ಸ್ 6000 ಸರಣಿಯನ್ನೇ ಬರೀ ನಿರ್ವಹಣೆಯ ಸಾಲಿಗೆ ಹಾಕುವ ಮಾತು ಬಂತು. ಜನ ಬೈದ ಮೇಲೆ, ಹಾಗಲ್ಲ, ಹೊಸ ಆಟಗಳಿಗೂ ಬೆಂಬಲ ಇರುತ್ತದೆ ಎಂದು ಸ್ಪಷ್ಟನೆ ಕೊಟ್ಟರು. ಐದು ವರ್ಷದ ಕಾರ್ಡಿಗೆ ಸ್ಪಷ್ಟನೆ ಬೇಕಾಗುವುದೇ ನನಗೆ ಸೇರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾನು ತಂದದ್ದು ಎಎಂಡಿ ಆರ್‌ಎಕ್ಸ್ 580, 2017ರ ಮಾಡೆಲ್. ಕಂಪನಿ ಕೈಬಿಟ್ಟ ಮರುದಿನ ಡ್ರೈವರ್ ಯಾರ ಕೈಯಲ್ಲಿ ಇರುತ್ತದೆ ಎನ್ನುವುದೊಂದೇ ನನ್ನ ಪ್ರಶ್ನೆ. ಲಿನಕ್ಸ್‌ನಲ್ಲಿ ಎಎಂಡಿಯ ಡ್ರೈವರ್ ಕರ್ನಲ್ ಒಳಗೇ, ಅಂದರೆ ಲಿನಕ್ಸ್‌ನ ತಿರುಳಿನಲ್ಲೇ ಇದೆ, ಮೇಲಿನ ಭಾಗ ಮೆಸಾ ಎಂಬ ಗ್ರಾಫಿಕ್ಸ್ ಸಾಫ್ಟ್‌ವೇರ್‌ನಲ್ಲಿದೆ, ಎರಡರ ಸೋರ್ಸ್ ಕೋಡೂ ಯಾರು ಬೇಕಾದರೂ ನೋಡಿ ತಿದ್ದುವಂತೆ ಬಯಲಲ್ಲಿದೆ. ಎಎಂಡಿಗೆ ಬೇಸರ ಬಂದರೂ ಬೇರೆಯವರು ತಿದ್ದುತ್ತಾರೆ. 2012ರ ಹೊತ್ತಿನ ಎಚ್‌ಡಿ 7000 ಕಾರ್ಡ್‌ಗಳು ಕರ್ನಲ್ 6.19ರಿಂದ ಹೊಸ ಎಎಂಡಿಜಿಪಿಯು ಡ್ರೈವರ್‌ಗೆ ತಾನಾಗಿ ಬಂದವು. ಆ ಕೆಲಸ ಮಾಡಿದ್ದು ಎಎಂಡಿಯವರಲ್ಲ, ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಅಂಗಡಿ ನಡೆಸುವ ವಾಲ್ವ್ ಕಂಪನಿಗಾಗಿ ದುಡಿಯುವವರು. ವಿಂಡೋಸ್‌ನಲ್ಲಿ ಆ ಕಾರ್ಡ್‌ಗಳನ್ನು ಕೇಳುವವರಿಲ್ಲ.

ಎನ್ವಿಡಿಯಾದ ಹಳೆ ಕಾರ್ಡ್‌ಗಳಲ್ಲಿ ಹೀಗಿಲ್ಲ. ಮ್ಯಾಕ್ಸ್‌ವೆಲ್, ಪ್ಯಾಸ್ಕಲ್‌ಗೆ ಕಂಪನಿಯ 580 ಎಂಬ ಸಂಖ್ಯೆಯ ಸಾಲಿನ ಡ್ರೈವರೇ ಕೊನೆ (ನನ್ನ ಕಾರ್ಡಿನ 580ಕ್ಕೂ ಇದಕ್ಕೂ ಸಂಬಂಧವಿಲ್ಲ). ಅದರ ಗಡುವು ಮುಗಿದ ಮೇಲೆ ಕರ್ನಲ್ ಬದಲಾದಂತೆಲ್ಲ ಯಾರಾದರೂ ತೇಪೆ ಹಾಕುತ್ತಿರಬೇಕು. ನೂವೋ ಎಂಬ ಬಯಲು ಡ್ರೈವರ್ ಇದೆ ನಿಜ, ಆದರೆ 900 ಸರಣಿಯಿಂದ 10 ಸರಣಿಯವರೆಗೆ ಕಾರ್ಡಿನ ವೇಗ ಏರಿಸಲು ಎನ್ವಿಡಿಯಾ ಡಿಜಿಟಲ್ ಸಹಿ ಮಾಡಿದ, ಕಾರ್ಡಿನೊಳಗೇ ಓಡುವ ಫರ್ಮ್‌ವೇರ್ ಬೇಕು, ಅದನ್ನು ಕೊಟ್ಟಿಲ್ಲ. ಹಾಗಾಗಿ ಜಿಟಿಎಕ್ಸ್ 1080 ಕೂಡ ನೂವೋ ಮೇಲೆ ಕುಂಟುತ್ತದೆ. ನನ್ನ 750 ಟಿಐ ಅದಕ್ಕಿಂತ ಮೊದಲಿನದು, ಕೈಯಾರೆ ವೇಗ ಏರಿಸಬಹುದು. ಆದರೆ ಪ್ರತಿ ಸಲ ಮಷಿನ್ ಹಚ್ಚಿದಾಗ ಟರ್ಮಿನಲ್ ತೆರೆದು ಕೂಡುವ ವಯಸ್ಸು ನನ್ನದಲ್ಲ.

ಇಂಟೆಲ್ ಬಗ್ಗೆ ಒಂದೇ ಮಾತು: 2020ರ ಹತ್ತನೇ ಜನರೇಷನ್ ಪ್ರೊಸೆಸರ್‌ಗಳ ಗ್ರಾಫಿಕ್ಸನ್ನು 2022ರಲ್ಲೇ ಹಳೆ ಸಾಲಿಗೆ ಹಾಕಿದರು, ಮತ್ತು ಅವರ ಆರ್ಕ್ ಕಾರ್ಡ್ ಸರಿಯಾಗಿ ಓಡಲು ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡಿನ ಇಡೀ ಮೆಮೊರಿಯನ್ನು ಒಮ್ಮೆಗೇ ತಲುಪುವ ಸೌಲಭ್ಯ) ಇರುವ ಹೊಸ ಬೋರ್ಡ್ ಬೇಕು, ಆದ್ದರಿಂದ ನನ್ನಂಥವರಿಗೆ ಅಲ್ಲ.

ಇನ್ನು 580ರ ಕಿರಿಕಿರಿ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಕ್ರಿಪ್ಟೋ ಹಣದ ಜಾಲ ಮೈನಿಂಗ್ ಪದ್ಧತಿಯನ್ನೇ, ಅಂದರೆ ಗ್ರಾಫಿಕ್ಸ್ ಕಾರ್ಡ್‌ಗಳಿಂದ ಲೆಕ್ಕ ಮಾಡಿಸಿ ನಾಣ್ಯ ಗಳಿಸುವುದನ್ನೇ, ಬಿಟ್ಟಿತು. ಹಗಲು ರಾತ್ರಿ ದುಡಿದಿದ್ದ ಕಾರ್ಡ್‌ಗಳು ಸೆಕೆಂಡ್ ಹ್ಯಾಂಡ್ ಬಜಾರಿಗೆ ಬಂದು ಬಿದ್ದವು, 570, 580ಗಳೇ ಜಾಸ್ತಿ. ನನಗೆ ಮಾರಿದ ಅಂಗಡಿಯವರು, "ಗೇಮ್ ಆಡೋ ಹುಡುಗನ ಕಾರ್ಡ್ ಐತ್ರಿ ಸರ, ಮೈನಿಂಗ್ ಗೀನಿಂಗ್ ಏನೂ ಇಲ್ಲ" ಅಂದರು. ಮನೆಗೆ ತಂದು ಹಚ್ಚಿದೆ. ಲಿನಕ್ಸ್‌ನಲ್ಲಿ ಡ್ರೈವರ್ ಹುಡುಕುವ ಮಾತೇ ಬರಲಿಲ್ಲ, ಸಂಜೆಯೊಳಗೆ ಒಂದು ಡ್ರಾಯಿಂಗ್ ಮುಗಿಸಿ ಕಳಿಸಿದೆ.

ಆಮೇಲೆ ತಮ್ಮನ ಮಗ ಬಂದ. ಅವನಿಗಾಗಿ ಇನ್ನೊಂದು ಡಿಸ್ಕಿನಲ್ಲಿ ವಿಂಡೋಸ್ ಇಟ್ಟಿದ್ದೇನೆ. "ಕಾಕಾ, ಎಲ್ಲಾ ದೊಡ್ಡದೊಡ್ಡದು ಕಾಣಾಕತ್ತೈತಿ" ಅಂದ. ನೋಡಿದರೆ ರೆಸಲ್ಯೂಷನ್ ತಳಕ್ಕೆ ಬಿದ್ದಿದೆ, ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ. ಡ್ರೈವರ್ ತೆಗೆದು ಹಾಕಿದೆ. ಹಳೆಯದನ್ನು ಹಾಕಿದೆ. ಸೇಫ್ ಮೋಡಿಗೆ ಹೋಗಿ ಬೇರುಸಹಿತ ಕಿತ್ತು ಮತ್ತೆ ಹಾಕಿದೆ. ಈ ಕಾರ್ಡಿಗಾಗಿಯೇ ಕೊಂಡಿದ್ದ ಹೊಸ ಎಸ್‌ಎಂಪಿಎಸ್ (ಮಷಿನ್‌ಗೆ ಕರೆಂಟ್ ಕೊಡುವ ಡಬ್ಬಿ) ಮೇಲೂ ಗುಮಾನಿ ಬಂತು. ಲಿನಕ್ಸ್‌ನಲ್ಲಿ ಗಟ್ಟಿಮುಟ್ಟಾಗಿರುವ ಕಾರ್ಡ್ ವಿಂಡೋಸ್‌ನಲ್ಲಿ ಯಾಕೆ ಮಲಗುತ್ತದೆ?

ತೊಂದರೆಯ ಬೇರು ಕಾರ್ಡಿನ ಬಯಾಸ್, ಅಂದರೆ ಅದನ್ನು ಚಾಲೂ ಮಾಡುವ ಒಳಗಿನ ಸಾಫ್ಟ್‌ವೇರ್‌ನಲ್ಲಿತ್ತು. ಮೈನಿಂಗ್ ಮಾಡುವವರು ಮೆಮೊರಿ ಟೈಮಿಂಗ್ ಬಿಗಿ ಮಾಡಿ, ಜಿಪಿಯು (ಕಾರ್ಡಿನ ಮುಖ್ಯ ಚಿಪ್) ವೇಗ ತಗ್ಗಿಸಿ, ಕರೆಂಟ್ ಬಿಲ್ ಉಳಿಸಲು ಬಯಾಸನ್ನೇ ತಿದ್ದುತ್ತಾರೆ. ತಿದ್ದಿದ ಕೂಡಲೇ ಅದರ ಡಿಜಿಟಲ್ ಸಹಿ ಕೆಡುತ್ತದೆ. ವಿಂಡೋಸ್‌ನ ಡ್ರೈವರ್ ಬಯಾಸಿನ ಸಹಿ ನೋಡಿಯೇ ಕಾರ್ಡನ್ನು ಚಾಲೂ ಮಾಡುವುದು, ಅದು ಸರಿಯೇ. ಲಿನಕ್ಸ್‌ನ ಡ್ರೈವರ್ ಅದನ್ನು ಕೇಳುವುದಿಲ್ಲ. ಅಂಗಡಿಗೆ ಫೋನ್ ಹಚ್ಚಿದರೆ, "ನಮಗೂ ಹಂಗ ಬಂದಿತ್ರಿ" ಎಂಬ ಉತ್ತರ.

ಕೆಲವು ಕಾರ್ಡ್‌ಗಳ ಅಂಚಿನಲ್ಲಿ ಚಿಕ್ಕ ಸ್ವಿಚ್ ಇರುತ್ತದೆ, ಒಂದು ಕಡೆ ತಳ್ಳಿದರೆ ಕಂಪನಿಯ ಬಯಾಸ್ ಸಿಗುತ್ತದೆ. ನನ್ನದಕ್ಕೆ ಆ ಭಾಗ್ಯವಿಲ್ಲ. ಮೂಲ ಬಯಾಸ್ ಹುಡುಕಿ ಫ್ಲ್ಯಾಶ್ ಮಾಡಬೇಕಾಯಿತು, ಅಂದರೆ ಕಾರ್ಡಿಗೆ ಮತ್ತೆ ಬರೆಯಬೇಕಾಯಿತು. ಇಲ್ಲಿ ಮಾಡೆಲ್ ಹೊಂದಿದರೆ ಸಾಲದು, ಮೆಮೊರಿ ಚಿಪ್ ಸ್ಯಾಮ್‌ಸಂಗ್‌ನದೋ ಹೈನಿಕ್ಸ್‌ನದೋ ಮೈಕ್ರಾನ್‌ನದೋ ಅದೂ ಹೊಂದಬೇಕು, ಇಲ್ಲದಿದ್ದರೆ ಪರದೆ ಕಪ್ಪಾಗುತ್ತದೆ. ಮೊದಲು ಇದ್ದ ಬಯಾಸನ್ನು ಪೆನ್ ಡ್ರೈವಿಗೆ ಉಳಿಸಿಕೊಳ್ಳಿ. ಮಾನಿಟರಿನ ಕೇಬಲನ್ನು ಬೋರ್ಡಿನ ಗ್ರಾಫಿಕ್ಸಿಗೆ ಸಿಕ್ಕಿಸಿಕೊಂಡು ಮಾಡಿ, ಕಾರ್ಡ್ ಮಲಗಿದರೂ ಮಷಿನ್ ಕಾಣುತ್ತಿರುತ್ತದೆ. ಯುಪಿಎಸ್ ಇಲ್ಲದೆ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಇದೆಲ್ಲ ಬೇಡವೆಂದರೆ ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ವಿಂಡೋಸ್ ಹಚ್ಚಿಸಿ, ಡ್ರೈವರ್ ಹಾಕಿಸಿ, ತ್ರಿಕೋನ ಇಲ್ಲವೆಂದು ಕಣ್ಣಾರೆ ನೋಡಿ.

ಕರೆಂಟ್: 580ಕ್ಕೆ 185 ವಾಟ್, 750 ಟಿಐ ಮುಂದೆ ಮೂರು ಪಟ್ಟು. ಸದ್ದು: ಫ್ಯಾನ್ ಕೂಗುತ್ತದೆ, ಆದರೆ ಬೆಳಗಾವಿ ಚಳಿಗೆ ಕಾಲ ಹತ್ತಿರ ಬಿಸಿಗಾಳಿ ಬರುವುದು ಬೇಡವೇನಲ್ಲ. ಬ್ಲೆಂಡರ್ ಎಂಬ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಸೈಕಲ್ಸ್ ಎಂಜಿನ್‌ನಿಂದ ಚಿತ್ರ ರೆಂಡರ್ ಮಾಡುವವರು 580 ಮುಟ್ಟಲೇಬೇಡಿ, 2021ರ 3.0 ಆವೃತ್ತಿಯಲ್ಲಿ ಓಪನ್‌ಸಿಎಲ್ (ಕಾರ್ಡಿನಿಂದ ಲೆಕ್ಕ ಮಾಡಿಸುವ ಹಳೆ ದಾರಿ) ತೆಗೆದ ಮೇಲೆ ಈ ಕಾರ್ಡ್ ಅಲ್ಲಿ ಲೆಕ್ಕಕ್ಕಿಲ್ಲ.

ನನ್ನ ಮಷಿನ್‌ನಲ್ಲಿ 580 ಇರಲಿದೆ. ಕಾರ್ಡಿಗೆ ಆರು ಸಾವಿರದ ಒಳಗೆ, ಎಸ್‌ಎಂಪಿಎಸ್‌ಗೆ ಬೇರೆ ದುಡ್ಡು ಹೋಯಿತು. ಇನ್ನೂ ಹತ್ತು ವರ್ಷ ಇದೇ ಡ್ರಾಯಿಂಗ್ ಹಾಕುವವನಿಗೆ ಕರ್ನಲ್ ಒಳಗಿನ ಡ್ರೈವರೇ ನಂಬಿಕೆ.

ತಮ್ಮನ ಮಗನಿಗೆ ಬೇರೆ ಸಲಹೆ ಕೊಟ್ಟಿದ್ದೇನೆ. ಅವನಿಗೆ ವಿಂಡೋಸ್ ಬೇಕು, ಆಟ ಬೇಕು, ದುಡ್ಡು ಅವರಪ್ಪನದು. ಎನ್ವಿಡಿಯಾದಲ್ಲಿ ಪ್ಯಾಸ್ಕಲ್ ಆದಮೇಲೆ ಬಂದ ಟ್ಯೂರಿಂಗ್ ಪೀಳಿಗೆ ಇನ್ನೂ ಮುಖ್ಯ ಡ್ರೈವರ್ ಸಾಲಿನಲ್ಲೇ ಇದೆ, ಲಿನಕ್ಸ್‌ಗೂ ಕಂಪನಿ 2022ರಲ್ಲಿ ಬಯಲು ಮಾಡಿದ ಕರ್ನಲ್ ಮಾಡ್ಯೂಲ್ ಟ್ಯೂರಿಂಗ್‌ನಿಂದಲೇ ಶುರು. ಆ ಪೀಳಿಗೆಯ ಜಿಟಿಎಕ್ಸ್ 1650, 75 ವಾಟ್‌ನದು, ಹೆಚ್ಚಿನವಕ್ಕೆ ಬೇರೆ ಪವರ್ ಕೇಬಲ್ ಬೇಡ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ತಗೋ, ಆ ಅಂಗಡಿಯೊಂದು ಬಿಟ್ಟು ಎಲ್ಲಾದರೂ ನೋಡು ಅಂದಿದ್ದೇನೆ.