ಕನ್ನಡ ಫಾರ್ಮ್ ಇರುವ ಸೈಟಿಗೆ ಯಾವ ವಾಫ್? ಮೂರನ್ನೂ ಹಾಕಿ ನೋಡಿದೆ

ವಾಫ್ (ವೆಬ್ ಅಪ್ಲಿಕೇಶನ್ ಫೈರ್‌ವಾಲ್) ಅಂದರೆ ಸೈಟಿಗೆ ಬರುವ ವಿನಂತಿಗಳನ್ನು ನೋಡಿ, ದಾಳಿ ಅನಿಸಿದ್ದನ್ನು ತಡೆಯುವ ಕಾವಲು. ಓದುಗರು ಕಥೆ ಬರೆದು ಕಳಿಸುವ ಒಂದು ಸಣ್ಣ ಸೈಟನ್ನು ನೋಡಿಕೊಳ್ಳುತ್ತೇನೆ. ಅದಕ್ಕೆ ಮಾಡ್‌ಸೆಕ್ಯುರಿಟಿ, ಎಡಬ್ಲ್ಯುಎಸ್ (ಅಮೆಜಾನಿನ ಕ್ಲೌಡ್) ವಾಫ್, ಕ್ಲೌಡ್‌ಫ್ಲೇರ್ ಮೂರನ್ನೂ ಒಂದಾದ ಮೇಲೊಂದು ಹಾಕಿ ನೋಡಿದೆ. ಮಾಮೂಲಿ ದಾಳಿ ತಡೆಯಲು ಮೂರೂ ಸಾಕು. ವ್ಯತ್ಯಾಸ ಗೊತ್ತಾಗಿದ್ದು ಕನ್ನಡ ಪಠ್ಯ ಬಂದಾಗ.

ಮೊದಲು ಮಾಡ್‌ಸೆಕ್ಯುರಿಟಿ, ಜೊತೆಗೆ ಅದಕ್ಕೆ ಬೇಕಾದ ಸಿದ್ಧ ರೂಲ್‌ಗಳ ಕಟ್ಟು, ಓವಾಸ್ಪ್ ಕೋರ್ ರೂಲ್ ಸೆಟ್. ಎಷ್ಟು ಬಿಗಿಯಾಗಿ ಅನುಮಾನಿಸಬೇಕು ಎನ್ನುವ ಪ್ಯಾರನೋಯಾ ಲೆವೆಲ್ 1 ಇದ್ದದ್ದನ್ನು, ಜಾಸ್ತಿ ಇದ್ದರೆ ಒಳ್ಳೆಯದು ಅಂದುಕೊಂಡು ನಾನೇ 3ಕ್ಕೆ ಏರಿಸಿದೆ. ಕನ್ನಡದಲ್ಲಿ ಹೆಸರು ಬರೆದವರಿಗೆಲ್ಲ 403, ಅಂದರೆ ಪ್ರವೇಶವಿಲ್ಲ ಎಂಬ ಉತ್ತರ. ಲಾಗ್‌ನಲ್ಲಿ ಕಣ್ಣಿಗೆ ಬೀಳುವುದು 949110 ನಂಬರಿನ ರೂಲ್. ಅದನ್ನು ಮಾತ್ರ ತೆಗೆಯಬೇಡಿ, ಅದು ಬರೀ ಅಂಕ ನೋಡಿ ಬಾಗಿಲು ಹಾಕುವ ರೂಲ್. ತೆಗೆದರೆ ಕಾವಲೇ ಹೋಯಿತು. ಲಾಗ್‌ನಲ್ಲಿ ಆ ವಿನಂತಿಗೆ ಇರುವ ಯೂನಿಕ್ ಐಡಿ ಹಿಡಿದು ಮೇಲಿನ ಸಾಲುಗಳನ್ನು ನೋಡಿದರೆ ಸಿಕ್ಕಿದ್ದು ನಿಜವಾಗಿ ತಕರಾರು ಮಾಡಿದ ರೂಲ್, 920272. ಮಾಮೂಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಆಚೆಯ ಬೈಟ್ ಕಂಡರೆ ಅದು ಒಪ್ಪುವುದಿಲ್ಲ, ಅಕ್ಷರಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8 ಕ್ರಮದಲ್ಲಿ ನಮ್ಮ ಪ್ರತಿ ಅಕ್ಷರದ ಮೂರೂ ಬೈಟ್ ಆಚೆಯವೇ. ಇಂಥ ಒಂದು ಕ್ರಿಟಿಕಲ್ ರೂಲಿಗೆ 5 ಅಂಕ, ತಡೆಯುವ ಮಿತಿಯೂ 5, ಹಾಗಾಗಿ ಅದೊಂದೇ ಸಾಕು. ಲೆವೆಲ್ 1ಕ್ಕೆ ಇಳಿಸಿದೆ, ಸರಿಹೋಯಿತು. ಏನೇ ಬದಲಿಸುವ ಮೊದಲು ಕೆಲವು ದಿನ, ತಡೆಯದೆ ಬರೀ ಲಾಗ್ ಬರೆಯುವ ಡಿಟೆಕ್ಷನ್‌ಓನ್ಲಿಯಲ್ಲಿ ಇಟ್ಟು ಲಾಗ್ ಓದಿ.

ಎಡಬ್ಲ್ಯುಎಸ್‌ನಲ್ಲಿ ತೊಡಕು ಬೇರೆ. ಅದರ ಕೋರ್ ರೂಲ್ ಸೆಟ್‌ನಲ್ಲಿ 8 ಕೆಬಿ ಮೀರಿದ ಬಾಡಿಯನ್ನು (ಫಾರ್ಮ್ ಕಳಿಸುವ ಪಠ್ಯವನ್ನು) ತಡೆಯುವ ರೂಲ್ ಇದೆ. ಸಾಮಾನ್ಯ ಫಾರ್ಮ್‌ನಲ್ಲಿ ಕನ್ನಡದ ಪ್ರತಿ ಬೈಟ್ ಶೇಕಡಾ ಚಿಹ್ನೆಯೊಂದಿಗೆ ಮೂರಾಗುತ್ತದೆ, ಅಂದರೆ ಒಂದು 'ಕ'ಗೆ 9 ಬೈಟ್, ಒತ್ತು, ಗುಣಿತ ಇದ್ದರೆ ಇನ್ನೂ ಜಾಸ್ತಿ. ಒಂದು ಪುಟದ ಕಥೆಯೇ ಮಿತಿ ದಾಟಬಹುದು ಅಲ್ವಾ? ಆ ಒಂದು ರೂಲನ್ನು, ತಡೆಯದೆ ಬರೀ ಲೆಕ್ಕ ಇಟ್ಟು ವಿನಂತಿಗೆ ಲೇಬಲ್ (ಗುರುತು) ಅಂಟಿಸುವ ಕೌಂಟ್‌ಗೆ ಹಾಕಿ, ಕಥೆ ಕಳಿಸುವ ಪುಟ ಬಿಟ್ಟು ಉಳಿದ ಕಡೆ ಅದರ ಲೇಬಲ್ ಕಂಡರೆ ತಡೆಯುವ ಹಾಗೆ ಇನ್ನೊಂದು ರೂಲ್ ಬರೆದೆ. ಖರ್ಚು: ರೂಲ್‌ಗಳನ್ನೆಲ್ಲ ಸೇರಿಸಿಡುವ ವೆಬ್ ಎಸಿಎಲ್‌ಗೆ ತಿಂಗಳಿಗೆ 5 ಡಾಲರ್, ಪ್ರತಿ ರೂಲಿಗೆ 1, ಹತ್ತು ಲಕ್ಷ ವಿನಂತಿಗೆ 60 ಸೆಂಟ್. ಸೈಟ್ ಈಗಾಗಲೇ ಅವರ ಲೋಡ್ ಬ್ಯಾಲೆನ್ಸರ್ (ವಿನಂತಿಗಳನ್ನು ಸರ್ವರ್‌ಗಳಿಗೆ ಹಂಚುವ ಸೇವೆ) ಹಿಂದೆ ಇದ್ದರೆ ಸರಿ. ಇದಕ್ಕೋಸ್ಕರವೇ ಅಲ್ಲಿಗೆ ಹೋಗಬೇಕಿಲ್ಲ.

ಕ್ಲೌಡ್‌ಫ್ಲೇರ್ ಸರ್ವರಿನ ಮುಂದೆ ನಿಂತು ವಿನಂತಿಗಳನ್ನು ಮೊದಲು ನೋಡುವ ಸೇವೆ, ಎಲ್ಲಕ್ಕಿಂತ ಸುಲಭ. ಉಚಿತ ಪ್ಲಾನಿನಲ್ಲೇ 5 ಕಸ್ಟಮ್ ರೂಲ್ ಸಿಗುತ್ತವೆ. ಲಾಗಿನ್ ಪುಟಕ್ಕೆ ಭಾರತದ ಹೊರಗಿಂದ ಬಂದವರಿಗೆ ಮ್ಯಾನೇಜ್ಡ್ ಚಾಲೆಂಜ್ (ಬಂದವರು ಮನುಷ್ಯರೇ ಎಂದು ನೋಡುವ ಪರೀಕ್ಷೆ) ಹಾಕಿದೆ. ಬ್ಲಾಕ್ ಹಾಕಲಿಲ್ಲ, ದುಬೈಯಲ್ಲೋ ಅಮೆರಿಕದಲ್ಲೋ ಇರುವ ನಮ್ಮ ಓದುಗರನ್ನು ಸುಮ್ನೆ ಹೊರಗಿಡುವುದು ಯಾಕೆ?

ಕೊನೆಗೆ ನಾನು ಉಳಿಸಿಕೊಂಡಿದ್ದು ಎರಡು: ಮುಂದೆ ಕ್ಲೌಡ್‌ಫ್ಲೇರ್, ಹಿಂದೆ ಸರ್ವರಿನಲ್ಲಿ ಲೆವೆಲ್ 1ರ ಮಾಡ್‌ಸೆಕ್ಯುರಿಟಿ. ಯಾವುದೇ ತಡೆಯ ನಿಜವಾದ ಕಾರಣವನ್ನು ರೂಲ್ ನಂಬರ್ ಸಮೇತ ನನ್ನದೇ ಲಾಗ್‌ನಲ್ಲಿ ಓದಬಹುದು, ನನಗೆ ಅದೇ ಮುಖ್ಯ. ನೀವೂ ಹೀಗೆ ಮಾಡುವುದಾದರೆ 80, 443 ಪೋರ್ಟ್‌ಗಳನ್ನು ಕ್ಲೌಡ್‌ಫ್ಲೇರ್‌ನ ಐಪಿಗಳಿಗೆ ಮಾತ್ರ ತೆರೆದಿಡಿ. ಇಲ್ಲದಿದ್ದರೆ ಸರ್ವರಿನ ಐಪಿ ಗೊತ್ತಿರುವವರು ಮುಂದಿನ ಕಾವಲನ್ನು ಬಿಟ್ಟು ನೇರ ಒಳಗೆ ಬರುತ್ತಾರೆ.